ಮೂರು ತಿಂಗಳಿಗೆ ಮುನ್ನೂರು ವರ್ಷದ ಚೊಂಬು

ತಲೆಕೆಟ್ಟವರಿಗೆಲ್ಲ ನನ್ನ ಅಂಗಡಿ ವಿಳಾಸ ಯಾರು ಕೊಡುತ್ತಿದ್ದರೋ, ಒಬ್ಬರಾದ ಮೇಲೆ ಒಬ್ಬರು ಬರುತ್ತಲೇ ಇದ್ದರು. ಮಧುಗಿರಿ ಪೇಟೆಯಲ್ಲಿ ನಮ್ಮದು ತಾಮ್ರ ಹಿತ್ತಾಳೆ ಪಾತ್ರೆ ಅಂಗಡಿ. ಮುಂದೆ ವ್ಯಾಪಾರ, ಹಿಂದೆ ಕುಲುಮೆ. ಕಲಾಯಿ ಹಾಕುವುದು, ಬೆಸುಗೆ ಹಾಕುವುದು, ತಗ್ಗು ಎತ್ತುವುದು ನಮ್ಮಪ್ಪ ಕಲಿಸಿದ ಕೆಲಸ. ಒಬ್ಬಳು ಅಜ್ಜಿ ತೂತು ಬಿದ್ದ ಕೊಳಗ ತಂದು, "ತೂತು ಮುಚ್ಚಪ್ಪ, ಆದ್ರೆ ಬೆಂಕಿ ಮಾತ್ರ ಸೋಕಿಸಬ್ಯಾಡ" ಅಂದಳು. ಇನ್ನೊಬ್ಬ ಎಮ್ಮೆ ಕೊರಳಿನ ಗಂಟೆ ತಂದು, "ಇದ್ರ ಸದ್ದಿಗೆ ನಮ್ ಎಮ್ಮೆ ಬೆದರ್ತದೆ, ಸ್ವಲ್ಪ ಕಮ್ಮಿ ಮಾಡು" ಅಂದ. "ನಾಲಿಗೆ ಕಿತ್ತುಬುಡ್ಲೇನಯ್ಯ?" ಅಂದರೆ, "ಆಮ್ಯಾಕೆ ಎಮ್ಮೆ ಎಲ್ಲೈತೆ ಅಂತ ನಂಗೆಂಗೆ ಗೊತ್ತಾಗ್ಬೇಕು?" ಅಂತ ನನ್ನನ್ನೇ ಬೈದ.

ಇವರೆಲ್ಲ ಪಾಪದವರು. ಇವರನ್ನೆಲ್ಲ ಮೀರಿಸಿದವನು ಒಬ್ಬ ಬಂದ. ಅವನ ಕತೆ ಹೇಳುತ್ತೇನೆ.

೧. ಪ್ರೊಫೆಸರ್ ಬಂದರು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ನಾಲ್ಕು ತಾಲ್ಲೂಕುಗಳ ಸ್ಕೂಲುಗಳಲ್ಲಿ ಜಾದೂ ಮಾಡಿಕೊಂಡು ತಿರುಗುವವನೊಬ್ಬನಿದ್ದ. ಓದಿದ್ದು ಏಳನೇ ಕ್ಲಾಸು, ಬೋರ್ಡಿನಲ್ಲಿ ಹಾಕಿಕೊಂಡಿದ್ದು ಪ್ರೊಫೆಸರ್ ಅಂತ. ಕಪ್ಪು ಕೋಟು, ಅದಕ್ಕೆ ಮೂರು ಬಣ್ಣದ ಮೂರು ಗುಂಡಿ. ನನ್ನ ಹತ್ತಿರ ಒಂದು ಗಂಗಾ ಚೊಂಬು ಮಾಡಿಸಿಕೊಂಡಿದ್ದ. ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಚೊಂಬಿನೊಳಗೆ ಗೋಡೆಯ ಹಾಗೆ ಇನ್ನೊಂದು ತಾಮ್ರದ ಪದರ ಕೂರಿಸಿ ನೀರು ಬಚ್ಚಿಡುವುದು, ಕಂಠದಲ್ಲಿ ಸಾಸಿವೆ ಗಾತ್ರದ ಒಂದು ತೂತು ಬಿಡುವುದು. ಹೆಬ್ಬೆಟ್ಟಿನಿಂದ ತೂತು ಮುಚ್ಚಿದರೆ ನೀರು ನಿಲ್ಲುತ್ತದೆ, ಬಿಟ್ಟರೆ ಇಳಿಯುತ್ತದೆ. ಬರಿದು ಮಾಡಿ ತೋರಿಸಿದ ಚೊಂಬು ಮತ್ತೆ ತುಂಬಿಕೊಂಡಿತು ಅಂತ ಜನ ಬಾಯಿ ಬಿಡುತ್ತಾರೆ.

ಅದೇ ಚೊಂಬನ್ನು ಒಂದು ದಿನ ವಾಪಸ್ ತಂದ. ಥಳಥಳ ಅಂತಿತ್ತು.

"ಅಣ್ಣಾ, ಇದನ್ನ ಹಳೇದು ಮಾಡಿಕೊಡು."

"ಏನಂದೆ?"

"ಮುನ್ನೂರು ವರ್ಷದ್ದು ಅನ್ನಂಗೆ ಮಾಡಿಕೊಡು."

ಆಮೇಲೆ ವಿಷಯ ಹೊರಬಿತ್ತು. ಪಾವಗಡದ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ ಒಬ್ಬ ಮುದುಕ ಗಾರುಡಿಗ ಇದ್ದನಂತೆ. ಅವನ ಮಗಳನ್ನು ಇವನು ಮೆಚ್ಚಿದ್ದ, ಅವಳೂ ಇವನನ್ನು ಮೆಚ್ಚಿದ್ದಳು. ಮುದುಕ ಮಾತ್ರ ಪಟ್ಟು ಹಿಡಿದಿದ್ದ. ವಂಶಪಾರಂಪರ್ಯವಾಗಿ ವಿದ್ಯೆ ಇರುವ ಮನೆಗೇ ಮಗಳನ್ನು ಕೊಡುವುದು. ನಿಮ್ಮ ತಾತ ಮುತ್ತಾತರ ಕಾಲದ ಗಂಗಾ ಚೊಂಬು ತೋರಿಸು, ಮೂರು ತಿಂಗಳು ಟೈಮು. ಇಲ್ಲದಿದ್ದರೆ ಹಿಂದೂಪುರದ ಸೈಕಲ್ ಶಾಪಿನ ಹುಡುಗ ಒಪ್ಪಿಕೊಂಡು ಕೂತಿದ್ದಾನೆ, ಅವನ ತಾತನೂ ಗಾರುಡಿಗನಂತೆ.

"ನಿಮ್ ತಾತ ಏನ್ ಮಾಡ್ತಿದ್ದ?" ಅಂದೆ.

"ಕುರಿ ಕಾಯ್ತಿದ್ದ."

"ಜಾದೂ?"

"ಸಾಯಂಕಾಲ ಎಣಿಸಿದ್ರೆ ಆವಾಗೀವಾಗ ಒಂದು ಕುರಿ ಮಾಯ ಆಗಿರ್ತಿತ್ತಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಊರೆಲ್ಲ ಹಳೇದನ್ನ ಹೊಸದು ಮಾಡು ಅಂತ ಬಂದರೆ ಇವನೊಬ್ಬ ಹೊಸದನ್ನ ಹಾಳು ಮಾಡು ಅಂತ ಬಂದಿದ್ದಾನೆ! ಅದೂ ನಾನು ಮಾಡಿದ್ದನ್ನು! ನನ್ನ ಕೆಲಸ ಎಂಥದ್ದು ಅಂತ ಊರಿಗೇ ಗೊತ್ತು. ಯಾರ ಮನೆಗೆ ಹೋದರೂ ನೀರು ಕುಡಿದ ಲೋಟ ಮಗುಚಿ ತಳ ನೋಡುವವನು ನಾನು. ನಮ್ಮ ಅಂಗಡಿಯಿಂದ ಹೋಗುವ ಪಾತ್ರೆಗೆಲ್ಲ ಮೊಳೆಯಲ್ಲಿ ಚುಕ್ಕಿ ಚುಕ್ಕಿ ಕುಟ್ಟಿ ಹೆಸರು ಹಾಕಿಕೊಡುವ ಪದ್ಧತಿ ಬೇರೆ. ಮದುವೆ ಮುಂಜಿಗೆ ಎರವಲು ಹೋದ ಪಾತ್ರೆ ಮನೆಗೆ ವಾಪಸ್ ಬರಬೇಕಲ್ಲ, ಅದಕ್ಕೆ. ಗಿರಾಕಿ ಕೇಳಲಿ ಬಿಡಲಿ, ನನ್ನ ಕೈ ಹೆಸರು ಕುಟ್ಟದೆ ಪಾತ್ರೆಯನ್ನು ಕೆಳಗಿಡುತ್ತಿರಲಿಲ್ಲ.

"ನಡಿ ಆಚೆಗೆ," ಅಂದೆ. "ಹಾಳು ಮಾಡೋ ಕೆಲಸ ನಮ್ಮಪ್ಪ ನನಗೆ ಕಲಿಸಿಲ್ಲ."

"ಅಂಗಾದ್ರೆ ಬೇರೆಯೋರು ಮಾಡ್ಕೊಡ್ತಾರೆ ಬುಡಣ್ಣ," ಅಂತ ಕೋಟು ಕೊಡವಿಕೊಂಡು ಹೋದ. ಹೊಳವನಹಳ್ಳಿಯಲ್ಲಿ ಅವನಿಗೊಬ್ಬಳು ದೊಡ್ಡಮ್ಮ ಇದ್ದಳು.

೨. ದೊಡ್ಡಮ್ಮನ ತಿಪ್ಪೆ

ತಾಮ್ರವನ್ನು ತಿಪ್ಪೆಯಲ್ಲಿ ಹೂತರೆ ತಿಂಗಳಲ್ಲಿ ನೂರು ವರ್ಷ ಮುಪ್ಪಾಗುತ್ತದೆ ಅಂತ ಯಾರೋ ಪುಣ್ಯಾತ್ಮ ಇವನಿಗೆ ಹೇಳಿದ್ದನಂತೆ. ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಿ ಹೊಳವನಹಳ್ಳಿಗೆ ಹೋಗಿ ದೊಡ್ಡಮ್ಮನಿಗೂ ಹೇಳದೆ ಅವಳ ತಿಪ್ಪೆಯಲ್ಲಿ ಚೊಂಬು ಹೂತು ಬಂದ. ಹೇಳಿದರೆ ಮಂತ್ರ ಹೋಗುತ್ತದೆಯೇನೋ!

ಎರಡು ತಿಂಗಳಿಗೆ ಗೊಬ್ಬರ ತುಂಬಲು ಆಳು ಬಂದ. ಗುದ್ದಲಿ ಹಾಕಿದ, ಠಣ್ ಅಂತು. ಮಣ್ಣು ಮೆತ್ತಿದ ತಾಮ್ರದ ಚೊಂಬು ಹೊರಗೆ ಬಂತು. "ನಿಧಿ ಕಣ್ಲಾ!" ಅಂತ ಒಂದು ಸಲ ಕೂಗಿದ, ಅಷ್ಟೇ. ಬಸ್ ಸ್ಟಾಪಿನಲ್ಲಿ ಕೂತವರು ಬಸ್ಸು ಬಿಟ್ಟು ಬಂದರು. ಟೀ ಅಂಗಡಿಯವನು ಒಲೆ ಮೇಲೆ ಹಾಲು ಬಿಟ್ಟು ಬಂದ. ಪಂಚಾಯ್ತಿ ಮೆಂಬರು ಒಬ್ಬರು, "ಸರ್ಕಾರಕ್ಕೆ ಸೇರಬೇಕಾದ್ದು, ಯಾರೂ ಮುಟ್ಟಬಾರದು" ಅಂತ ಎಲ್ಲರಿಗಿಂತ ಮೊದಲು ಪಂಚೆ ಎತ್ತಿಕಟ್ಟಿ ತಿಪ್ಪೆಗೆ ಇಳಿದರು. ಒಂದು ಚೊಂಬು ಇದ್ದ ಕಡೆ ಕೊಪ್ಪರಿಗೆ ಇಲ್ಲದೆ ಇರುತ್ತದಾ? ಗೊಬ್ಬರವನ್ನು ಮಂಕರಿಯಲ್ಲಿ ಹೊತ್ತು ಹೊತ್ತು ಪಕ್ಕದ ದೊಡ್ಡಮ್ಮನ ಹೊಲಕ್ಕೆ ಸುರಿದು ಕೈಯಲ್ಲಿ ಹರಡಿ ಹುಡುಕಿದರು. ಹೊತ್ತು ಮುಳುಗುವುದರೊಳಗೆ ತಿಪ್ಪೆ ಇದ್ದ ಜಾಗ ಗುಡಿಸಿದ ಅಂಗಳದ ಹಾಗೆ ಆಯಿತು.

ಸುದ್ದಿ ಕೇಳಿ ಪ್ರೊಫೆಸರ್ ಓಡಿದ. ಓದು ಬಾರದ ದೊಡ್ಡಮ್ಮ ಚೊಂಬಿಗೆ ಹುಣಸೇಹಣ್ಣು, ಬೂದಿ ಹಾಕಿ ಉಜ್ಜಿ, ಅರಿಶಿನ ಕುಂಕುಮ ಇಟ್ಟು, ದೇವರ ಗೂಡಲ್ಲಿ ಕೂರಿಸಿದ್ದಳು. ನನ್ನ ಅಂಗಡಿಯಿಂದ ಹೊರಟ ದಿನಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಇವನು ಹಣೆ ಚಚ್ಚಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದ.

ಅವಳು ಸಿಟ್ಟು ಮಾಡಲಿಲ್ಲ. ಮಗುವಿನ ತಲೆ ಸವರುವ ಹಾಗೆ ಇವನ ತಲೆ ಸವರಿ, "ಹೋಗ್ಲಿ ಬುಡು ಮಗ. ಬ್ಯಾಸಿಗೆ ಬರ್ಲಿ, ಇನ್ನೊಂದು ಚೊಂಬು ತಂದು ಹೂತಾಕು. ಆ ಕಡೆ ಹೊಲಕ್ಕಿನ್ನೂ ಗೊಬ್ರ ಹೊಡೆದಿಲ್ಲ" ಅಂದಳು.

೩. ಶಿರಾದ ಕುದುರೆ

ಆಮೇಲೆ ಶಿರಾಕ್ಕೆ ಹೋದ. ಅಲ್ಲೊಬ್ಬರು ಗುಜರಿ ಅಂಗಡಿ ಸಾಹೇಬರು, ಹಳೇ ಸಾಮಾನು ಮಾರುವುದರಲ್ಲಿ ಹೆಸರುವಾಸಿ. ಅವರ ಅಂಗಡಿಯಲ್ಲಿ ಹೊಸ ಬೀಗ ಒಂದು ಕಡೆಯಿಂದ ಒಳಗೆ ಹೋದರೆ ಇನ್ನೊಂದು ಕಡೆಯಿಂದ ಕೋಟೆ ಬಾಗಿಲಿನ ಬೀಗ ಆಗಿ ಹೊರಗೆ ಬರುತ್ತಿತ್ತು.

"ದೇಖೋ ಪ್ರೊಫೆಸರ್ ಸಾಬ್," ಅಂದರಂತೆ, "ಹಳೇದಾಗಬೇಕು ಅಂದ್ರೆ ಟೈಮ್ ಬೇಕು. ಟೈಮ್ ಇಲ್ಲ ಅಂದ್ರೆ ಕುದುರೆ ಬೇಕು."

ಚೊಂಬಿಗೆ ಉಪ್ಪುನೀರು ಬಳಿದು ಜಟಕಾ ಕುದುರೆ ಲಾಯದಲ್ಲಿ, ಕುದುರೆ ಉಚ್ಚೆಯ ಘಾಟು ತಾಗುವ ಹಾಗೆ, ಹದಿನೈದು ದಿನ ನೇತುಹಾಕಿದರು. ವಿದ್ಯೆ ಸರಿಯಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ತಾಮ್ರ ಗಿಣಿ ಹಸಿರು ಕಟ್ಟಿತು. ಎಂಟು ದಿನಕ್ಕೆ ತೆಗೆದುಬಿಡಿ ಅಂತಲೂ ಸಾಹೇಬರು ಹೇಳಿದ್ದರಂತೆ. ಇವನು ಇನ್ನೂ ನೂರು ವರ್ಷ ಬರಲಿ ಅಂತ ಒಂದು ವಾರ ಹೆಚ್ಚು ಬಿಟ್ಟಿದ್ದ. ಆಸೆಬುರುಕ.

ಅದನ್ನು ತಗೊಂಡು ಸೀದಾ ಐ.ಡಿ.ಹಳ್ಳಿ ಸ್ಕೂಲಿಗೆ ಪ್ರದರ್ಶನಕ್ಕೆ ಹೋದ. ಅವತ್ತು ನಾನೂ ಅಲ್ಲೇ ಇದ್ದೆ, ಮಕ್ಕಳ ಉಪ್ಪಿಟ್ಟಿನ ಹಂಡೆಗೆ ಬೆಸುಗೆ ಹಾಕುವುದಿತ್ತು. ಚೊಂಬು ಎತ್ತಿ ಹಿಡಿದು, "ಇದು ನಮ್ಮ ಮುತ್ತಾತನಿಗೆ ಹಿಮಾಲಯದ ಸಾಧು ಕೊಟ್ಟ ಚೊಂಬು!" ಅಂದ. ಬರಿದು ಮಾಡಿ ತೋರಿಸಿದ. "ಗಂಗೇ, ಬಾ!" ಅಂದ. ಗಂಗೆ ಬರಲಿಲ್ಲ. ಆ ಹಸಿರು ಕಿಲುಬು ಹೋಗಿ ತೂತಿಗೆ ಕೂತಿತ್ತು, ಎಲ್ಲಿಂದ ಬರುತ್ತಾಳೆ? ಇನ್ನೊಂದು ಸಲ ಕರೆದ, ಅಲ್ಲಾಡಿಸಿದ, ಗುದ್ದಿದ. ಮಕ್ಕಳೆಲ್ಲ ಒಟ್ಟಿಗೆ "ಗಂಗೇ, ಬಾ!" ಅಂತ ಕೂಗಲು ಶುರು ಮಾಡಿದರು. ಇವನು ಹಿಂದೆ ತಿರುಗಿ, ಕೋಟಿನ ಪಿನ್ನು ತೆಗೆದು ತೂತಿಗೆ ಚುಚ್ಚಿದ. ಉಪ್ಪು ತಿಂದ ಬೆಸುಗೆ ಅದು. ತಳ ಬಿಟ್ಟುಕೊಂಡು ನೀರೆಲ್ಲ ಒಂದೇ ಸಲಕ್ಕೆ ಪ್ಯಾಂಟಿನ ಮೇಲೆ ಇಳಿಯಿತು, ಅದೂ ಎಲ್ಲಿ ಇಳಿಯಬಾರದೋ ಅಲ್ಲೇ.

ಹೆಡ್ ಮೇಷ್ಟ್ರು ಎದ್ದು ನಿಂತು ಬಹಳ ಗಂಭೀರವಾಗಿ, "ನಮ್ಮೂರ ಬೋರ್‌ವೆಲ್ಲೂ ಹಿಂಗೇ ಕಣ್ರೀ. ಕರೆದಾಗ ಬರಲ್ಲ, ಬಂದರೆ ನಿಲ್ಲಲ್ಲ. ಅದನ್ನ ತೋರ್ಸಕ್ಕೆ ನೀವು ಅಲ್ಲಿಂದ ಇಲ್ಲೀತನಕ ಬರಬೇಕಿತ್ತಾ?" ಅಂದರು.

೪. ನನ್ನ ಸರದಿ

ಒದ್ದೆ ಪ್ಯಾಂಟಿನಲ್ಲೇ ನನ್ನ ಮುಂದೆ ಬಂದು ಕೂತ. ಚೊಂಬನ್ನು ನನ್ನ ಕಾಲ ಹತ್ತಿರ ಇಟ್ಟ.

"ಇನ್ನ ಎಂಟು ದಿನ ಐತೆ ಅಣ್ಣ. ಚೊಂಬು ಬ್ಯಾಡ, ನೀನು ಬಾ ಸಾಕು ಅಂತಾಳೆ ಅವ್ಳು. ಅವ್ರಪ್ಪ ಕೇಳ್ಬೇಕಲ್ಲ?" ಅಂದ. ಕಣ್ಣಲ್ಲಿ ನೀರಿತ್ತು. ಚೊಂಬಿನಿಂದ ಬಾರದ ನೀರು ಕಣ್ಣಿನಿಂದ ಬಂದಿತ್ತು.

ನನಗೆ ಕರುಣೆ ಬಂತು ಅಂತ ಸುಳ್ಳು ಹೇಳುವುದಿಲ್ಲ. ನನಗೆ ಬಂದದ್ದು ಸಿಟ್ಟು. ನಾನು ಹಾಕಿದ ಬೆಸುಗೆಯನ್ನು ಒಂದು ಕುದುರೆ ಉಚ್ಚೆ ಹೊಯ್ದು ಬಿಚ್ಚಿಸುವುದು ಅಂದರೇನು? ತಿಪ್ಪೆಯವರು, ಲಾಯದವರು ಎಲ್ಲ ಕೈ ಹಾಕಿ ಕೆಡಿಸಿದ್ದಾಯಿತು. ಹಳೇದು ಅಂದರೆ ಏನು ಅಂತ ತೋರಿಸುತ್ತೇನೆ ಬನ್ರೋ ಅನ್ನಿಸಿತು.

ಮದುವೆ ಕಾಲ ಬೇರೆ. ಕೊಡಿಗೇನಹಳ್ಳಿಯ ಒಂದು ಮನೆಗೆ ನಲವತ್ತು ಪಾತ್ರೆ ಹೊರಡಬೇಕಿತ್ತು, ಅಂಗಡಿ ತುಂಬ ಪಾತ್ರೆ. ಅದರ ಮಧ್ಯೆಯೇ ಇವನ ಚೊಂಬಿಗೆ ಹೊಸ ತಳ ಕೂರಿಸಿದೆ, ಒಳಪದರ ಭದ್ರ ಮಾಡಿದೆ. ಸಾಯಂಕಾಲ ನಲವತ್ತು ಪಾತ್ರೆಗೂ ಹೆಸರು ಕುಟ್ಟಿ ಮುಗಿಸಿ, ಆಮೇಲೆ ಚೊಂಬಿಗೆ ಹರಳೆಣ್ಣೆ, ದೀಪದ ಮಸಿ, ಕೆರೆ ಮಣ್ಣು ಕಲಸಿ ಮೆತ್ತಿ ನೀರೊಲೆಯ ಹೊಗೆಗೆ ಇಟ್ಟೆ. ಮೂರು ದಿನ ಮೆತ್ತುವುದು, ಹೊಗೆ ಕೊಡುವುದು, ಗೋಣಿಯಲ್ಲಿ ಒರೆಸುವುದು. ಜನ ಹಿಡಿಯುವ ಕಡೆ ಸ್ವಲ್ಪ ಸವೆದ ಹಾಗೆ, ಅಂಚಿನ ಸಂದಿಯಲ್ಲಿ ಕಪ್ಪು ಗಟ್ಟಿಯಾಗಿ ನಿಂತ ಹಾಗೆ ಮಾಡಿದೆ. ನನ್ನ ಹೆಂಡತಿ ಅದನ್ನು ನೋಡಿ, "ಯಾರ ಮನೆ ತಿಥಿ ಚೊಂಬು ತಂದಿದ್ದೀರಿ? ಮೊದ್ಲು ಆಚೆಗಿಡಿ" ಅಂದಳು. ಗೆದ್ದೆ ಅಂದುಕೊಂಡೆ.

ಕೊನೆಯ ದಿನ ಒಲೆಯಿಂದ ತೆಗೆದು ಅಂಗಡಿ ಕಟ್ಟೆ ಮೇಲೆ ಇಟ್ಟಿದ್ದೆ. ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಇತಿಹಾಸ ಅಂದರೆ ಪ್ರಾಣ. ಯಾವ ಕಲ್ಲು ಕಂಡರೂ ಶಾಸನ ಅನ್ನುತ್ತಿದ್ದರು, ಬಟ್ಟೆ ಒಗೆಯುವ ಕಲ್ಲನ್ನೂ ಬಿಟ್ಟವರಲ್ಲ. ಅವರು ಚೊಂಬು ನೋಡಿದ್ದೇ ನಿಂತುಬಿಟ್ಟರು.

"ಇದು ಎಲ್ಲಿ ಸಿಕ್ಕಿತಪ್ಪ?"

"ಇಲ್ಲೇ ಸಾರ್, ಒಂದು ಹಳೇ ಮನೇಲಿ."

"ಪಾಳೇಗಾರರ ಕಾಲ! ಸಂಶಯವೇ ಬೇಡ. ಈ ಕಂಠದ ಬಾಗು ನೋಡು. ಇಂಥ ಕೆಲಸ ಮಾಡೋರು ಈಗೆಲ್ಲಿದ್ದಾರೆ? ಆ ಕೈಗಳೆಲ್ಲ ಮಣ್ಣಾಗಿ ಮುನ್ನೂರು ವರ್ಷ ಆಯ್ತು" ಅನ್ನುತ್ತಾ ಭಕ್ತಿಯಿಂದ ಎರಡೂ ಕೈಯಲ್ಲಿ ಎತ್ತಿಕೊಂಡರು. ಎತ್ತಿಕೊಂಡವರು ಅಷ್ಟೇ ಬೇಗ "ಅಯ್ಯಯ್ಯಪ್ಪಾ!" ಅಂತ ಕೆಳಗೆ ಬಿಟ್ಟು, ಬೆರಳು ಬಾಯಿಗಿಟ್ಟುಕೊಂಡು ಕುಣಿದರು.

"ನಿಧಾನ ಸಾರ್," ಅಂದೆ. "ಪಾಳೇಗಾರರ ಕಾಲ ಇನ್ನೂ ಆರಿಲ್ಲ."

೫. ಪಾವಗಡದ ಶಾಸ್ತ್ರ

ಚೊಂಬು ಕೊಟ್ಟು ಕೈ ತೊಳೆದುಕೊಂಡೆ ಅಂದುಕೊಂಡರೆ ಪ್ರೊಫೆಸರ್ ಬಿಟ್ಟರೆ ತಾನೆ? "ನಮ್ ಕಡೆ ಹಿರೀಕ ಅಂತ ನೀನೇ ಬರ್ಬೇಕು. ನಮ್ ತಾತ ಈ ಚೊಂಬು ಆಡ್ಸೋದನ್ನ ಸಣ್ಣವನಿದ್ದಾಗ ನೋಡಿದ್ದೆ ಅಂತ ಒಂದ್ಮಾತು ಹೇಳ್ಬುಡು, ಸಾಕು" ಅಂತ ಎಳೆದುಕೊಂಡು ಹೋದ. ಪಾವಗಡದ ಬಸ್ಸಿನಲ್ಲಿ ಚೊಂಬನ್ನು ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ಅವತ್ತು ಆ ಮುದುಕ ಒಪ್ಪಿದರೆ ಅಲ್ಲೇ ವೀಳ್ಯ ಬದಲಾಯಿಸುವ ಶಾಸ್ತ್ರ, ಒಪ್ಪದಿದ್ದರೆ ಮಧ್ಯಾಹ್ನದ ಬಸ್ಸಿಗೆ ಹಿಂದೂಪುರದವರು ಬರುವವರಿದ್ದರು.

ಮುದುಕನ ಮೀಸೆಯೇ ಒಂದು ಪ್ರದರ್ಶನ. ನಮ್ಮ ಚೊಂಬನ್ನು ಕೈಗೆ ತಗೊಂಡು, ಮೂಸಿ, ಉಗುರಿನಿಂದ ಕೆರೆದು, "ಬಾಗುಂದಿ, ಬಾಗುಂದಿ. ಚೆನ್ನಾಗೈತೆ, ಹಳೇದೇ" ಅಂದ. ಪ್ರೊಫೆಸರಿಗೆ ಹೋದ ಜೀವ ಬಂತು. ನಾನು ಹೇಳಬೇಕಾದ ಸುಳ್ಳನ್ನೂ ಹೇಳಿದೆ.

ಅಷ್ಟಕ್ಕೆ ಮುಗಿಸಬಾರದಾ ಮುದುಕ? ಅವನಿಗೂ ಜಂಬ. ಬೀಗ ಹಾಕಿದ ಪೆಟ್ಟಿಗೆ ತೆಗೆದು, ಕೆಂಪು ಬಟ್ಟೆಯಿಂದ ತನ್ನ ಚೊಂಬು ಹೊರಗೆ ತೆಗೆದ. ಇದ್ದಿಲಿಗಿಂತ ಕಪ್ಪು. "ಇದಿ ಚೂಡು! ಪೆನುಕೊಂಡ ದೊರೆಗಳ ಮುಂದೆ ನಮ್ಮ ಮುತ್ತಾತ ಆಡ್ಸಿದ್ದು. ನಮ್ಮನೆ ಹೆಂಗಸ್ರು ಯಾರೂ ಇಲ್ಲೀಗಂಟ ಮುಟ್ಟಿಲ್ಲ. ಹೆಂಗಸ್ರು ಮುಟ್ಟಿದ್ರೆ ಮಂತ್ರ ಹೋಗ್ತದೆ." ಎರಡೂ ಚೊಂಬನ್ನು ನಡುಮನೆಯ ಮಣೆ ಮೇಲೆ ಜೋಡಿಯಾಗಿ ಇಟ್ಟು, ನಮ್ಮನ್ನು ಕಾಫಿಗೆ ಜಗಲಿಗೆ ಕರೆದುಕೊಂಡು ಹೋದ.

ಕಾಫಿ ಕುಡಿದು ಒಳಗೆ ಬಂದರೆ ಮಣೆ ಮೇಲೆ ಎರಡು ಸೂರ್ಯ.

ಆಗಿದ್ದು ಇಷ್ಟು. ಮುದುಕನ ತಂಗಿ ಶಾಸ್ತ್ರಕ್ಕೆ ಅಂತ ಊರಿಂದ ಬಂದಿದ್ದಳು. ಅವಳಿಗೂ ಮುದುಕನ ಹೆಂಡತಿಗೂ ವರ್ಷಗಟ್ಟಲೆಯಿಂದ ಮಾತಿಲ್ಲ, ಹಾಗಾಗಿ ಇದೇನು ಅದೇನು ಅಂತ ಯಾರನ್ನೂ ಕೇಳಿಲ್ಲ. ಕಳಶಕ್ಕೆ ಇಟ್ಟ ಚೊಂಬು ಇಷ್ಟು ಕೊಳಕಾಗಿದೆಯಲ್ಲ, ಈ ಮನೆ ಹೆಂಗಸಿಗೆ ಶುಚಿ ಇಲ್ಲ ಅಂತ ಬೈದುಕೊಂಡು, ಎರಡನ್ನೂ ಹಿತ್ತಲಿಗೆ ತಗೊಂಡು ಹೋಗಿ ಹುಣಸೇಹಣ್ಣಿನಲ್ಲಿ ಎಲುಬು ಕಾಣುವ ಹಾಗೆ ಉಜ್ಜಿದ್ದಳು. ಕೈಯಲ್ಲಿ ಇನ್ನೂ ಬೂದಿ ಇತ್ತು.

ಮುದುಕ ಮೊದಲು ಎತ್ತಿಕೊಂಡದ್ದು ನಮ್ಮ ಚೊಂಬು. ಮಗುಚಿದ. ತಳದಲ್ಲಿ, ಚುಕ್ಕಿ ಚುಕ್ಕಿಯಾಗಿ, ನನ್ನ ಸ್ವಂತ ಕೈಬರಹದಲ್ಲಿ, ಪ್ರೊಫೆಸರನ ಹೆಸರು, ಮಧುಗಿರಿ, ಆ ವರ್ಷದ ಇಸವಿ!

ದೇವರಾಣೆಗೂ ನಾನು ಕುಟ್ಟಿದ್ದು ನನಗೆ ನೆನಪಿಲ್ಲ. ಕೊಡಿಗೇನಹಳ್ಳಿಯ ನಲವತ್ತು ಪಾತ್ರೆಗೆ ಹೆಸರು ಹಾಕಿದ ಕೈ ಅದೇ ಓಘದಲ್ಲಿ ನಲವತ್ತೊಂದನೆಯದಕ್ಕೂ ಹಾಕಿಬಿಟ್ಟಿತ್ತು. ಕೊಡಿಗೇನಹಳ್ಳಿಯವರ ಹೆಸರನ್ನಾದರೂ ಹಾಕಿದ್ದರೆ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಇಲ್ಲ, ನನ್ನ ಕೈಗೆ ಗಿರಾಕಿ ಯಾರು ಅಂತ ಸರಿಯಾಗಿ ಗೊತ್ತಿತ್ತು. ಮೇಲೆ ಮಸಿ ಮೆತ್ತಿ ಮುಚ್ಚಿದವನೂ ನಾನೇ. ಊರಿನ ದಡ್ಡರನ್ನೆಲ್ಲ ಬೈದುಕೊಂಡು ತಿರುಗಿದ್ದೆ, ದೊಡ್ಡ ದಡ್ಡ ಕುಲುಮೆ ಮುಂದೆ ಕೂತಿದ್ದ.

"ಮೋಸಮು!" ಅಂತ ಮುದುಕ ಕೂಗಿದ. "ತಾತನ ಚೊಂಬಂತೆ! ಈ ವರ್ಷದ ಇಸವಿ ಐತೆ! ನಮ್ ವಂಶ ಏನು, ನಮ್ ಚೊಂಬೇನು! ಲೇ, ಹಿಂದೂಪುರದೋರಿಗೆ ಎಲೆ ಹಾಕ್ರೋ!" ಪ್ರೊಫೆಸರ್ ಗೋಡೆ ಹಿಡಿದುಕೊಂಡ. ಬಾಗಿಲ ಹಿಂದೆ ಹುಡುಗಿ ಬಿಕ್ಕುವುದು ಕೇಳಿಸಿತು.

ಇಂಥ ಹೊತ್ತಿನಲ್ಲೂ ನನ್ನ ಚಾಳಿ ಬಿಡಲಿಲ್ಲ ನೋಡಿ. ಪಾತ್ರೆ ಕಂಡರೆ ತಳ ನೋಡಬೇಕು. ಸುಮ್ಮನೆ ಮುದುಕನ ಚೊಂಬನ್ನು ಎತ್ತಿ ಮಗುಚಿದೆ. ಒಳಪದರ ಆಮೇಲೆ ಕೂರಿಸಿದ್ದು, ಆ ಬೆಸುಗೆ ಯಾವನೋ ಕೈಲಾಗದವನದು. ತಳದಲ್ಲಿ ಮಾತ್ರ ಚುಕ್ಕಿ ಅಕ್ಷರ ಮುತ್ತಿನ ಹಾಗಿತ್ತು. ಅದು ನಮ್ಮಪ್ಪನ ಕೈ! ಸಂತೋಷ ತಡೆಯಲಾರದೆ ಗಟ್ಟಿಯಾಗಿ ಓದಿಬಿಟ್ಟೆ: "ಅಕ್ಕನ ಮದುವೆಗೆ ತಮ್ಮನ ಉಡುಗೊರೆ."

ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಮುದುಕನ ಹೆಂಡತಿ ಹೊರಗೆ ಬಂದು, ನನ್ನ ಕೈಯಿಂದ ಚೊಂಬು ಕಿತ್ತುಕೊಂಡಳು.

"ಇದು ನನ್ ತಮ್ಮ ಮಧುಗಿರಿಯಿಂದ ತಂದುಕೊಟ್ಟ ಚೊಂಬು! ಬಾಣಂತನ ಮುಗಿಸಿ ಬರೋದ್ರೊಳಗೆ ಕಳೆದೋಯ್ತು ಅಂದ್ರಲ್ಲ? ನಿಮ್ ತಂಗಿ ಬಂದೋಗಿದ್ಲು, ಅವ್ಳೇ ಎತ್ಕೊಂಡೋಗಿರ್ಬೇಕು ಅಂತ ನೀವೇ ಅಂದ್ರಲ್ಲ? ಇಪ್ಪತ್ತು ವರ್ಷ ಅವ್ಳನ್ನ ನಾನು ಕಳ್ಳಿ ಅಂದ್ನಲ್ಲ!"

ತಂಗಿ ಬೂದಿ ಕೈಯಲ್ಲೇ ಎದ್ದು ನಿಂತಳು. "ಏನಂದೆ ಅಣ್ಣಯ್ಯ? ನಾನು ಎತ್ಕೊಂಡೋದೆ ಅಂದ್ಯಾ?"

ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅತ್ತಿಗೆ ನಾದಿನಿ ಆ ಕ್ಷಣಕ್ಕೆ ರಾಜಿಯಾದರು. ಇಬ್ಬರೂ ಒಟ್ಟಿಗೆ ಮುದುಕನ ಕಡೆ ಹೆಜ್ಜೆ ಇಟ್ಟರು. ಒಬ್ಬಳ ಕೈಯಲ್ಲಿ ಚೊಂಬು, ಇನ್ನೊಬ್ಬಳ ಕೈಯಲ್ಲಿ ಹುಣಸೇಹಣ್ಣು. ಮುದುಕ ಗೋಡೆ ನೋಡಿದ, ಬಾಗಿಲು ನೋಡಿದ, ಎಲ್ಲೂ ದಾರಿ ಕಾಣಲಿಲ್ಲ. ಅಷ್ಟು ದೊಡ್ಡ ಗಾರುಡಿಗ, ಮಾಯವಾಗಬೇಕಾದ ಹೊತ್ತಿಗೆ ಮಾಯವಾಗಲು ಬರಲಿಲ್ಲ. ಒಂದೇ ನೆಗೆತಕ್ಕೆ ನಮ್ಮ ಪ್ರೊಫೆಸರನ ಬೆನ್ನ ಹಿಂದೆ ಸೇರಿಕೊಂಡು, ಅವನ ಭುಜ ಹಿಡಿದು, ಮನೆಗೆಲ್ಲ ಕೇಳುವ ಹಾಗೆ ಕೂಗಿದ:

"ಅಳಿಯಂದ್ರೇ, ನಿಮ್ ತಾತನ ಹೆಸರು ನಾನು ಕೇಳಿದ್ದೀನಿ. ಶಾನೆ ದೊಡ್ಡ ಗಾರುಡಿಗರು!"